ಮಾತ್ರೆಗೊಬ್ಬ ವೈದ್ಯರು, ಪಟ್ಟಿಗೆ ಯಾರು?: ಕ್ಯಾನ್ಸರ್ ನಂತರದ ಬದುಕು ಮತ್ತು ಬಹುಔಷಧ ಸೇವನೆ

ತಿಪಟೂರಿನ ಕಡೆಯ, 64 ವರ್ಷದ ಒಬ್ಬ ಗೃಹಿಣಿಯ ಮಾತ್ರೆ ಡಬ್ಬಿಯಿಂದ ಈ ವಿಷಯವನ್ನು ಆರಂಭಿಸುವುದು ಸುಲಭ. ಈಕೆ ನಿಜವಾದ ಒಬ್ಬ ವ್ಯಕ್ತಿಯಲ್ಲ. ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಸಿಗುವ ಔಷಧ ಚೀಟಿಗಳನ್ನು ಒಟ್ಟುಗೂಡಿಸಿ ಕಟ್ಟಿಕೊಂಡ ಉದಾಹರಣೆ. ಐದು ವರ್ಷಗಳ ಹಿಂದೆ ಈಕೆಗೆ ಸ್ತನ ಕ್ಯಾನ್ಸರ್ ಬಂದಿತ್ತು. ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ರೇಡಿಯೇಷನ್ ಎಲ್ಲವೂ ಮುಗಿದು, ಈಗ ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಹೋದ ಸಲವೂ 'ಏನೂ ತೊಂದರೆಯಿಲ್ಲ' ಎಂದು ವೈದ್ಯರು ಹೇಳಿದ್ದರಿಂದ ಮನೆಯವರೆಲ್ಲ ನಿರಾಳರಾಗಿದ್ದಾರೆ. ಆಕೆಯ ದಿನಗಳು ಮಾತ್ರ ಹಗುರಾಗಿಲ್ಲ. ಬೆಳಿಗ್ಗೆ ಎದ್ದಾಗಲೇ ಸುಸ್ತು, ಸಂಜೆಯಾದರೆ ಪಾದದ ಊತ, ಅಂಗಾಲಿನಲ್ಲಿ ಉರಿ, ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಹಗಲು ತಲೆಯೊಳಗೆ ಮಂಕು, ಗೊತ್ತಿರುವವರ ಹೆಸರೂ ತಟ್ಟನೆ ಬಾಯಿಗೆ ಬರುವುದಿಲ್ಲ. 'ಅಂಥ ದೊಡ್ಡ ಕಾಯಿಲೆಯಿಂದ ಎದ್ದು ಬಂದ ಮೈ, ಇಷ್ಟಾದರೂ ಇರುತ್ತದಲ್ಲ' ಎಂದು ನೆಂಟರು ಸಮಾಧಾನ ಹೇಳುತ್ತಾರೆ. ಆಕೆಯೂ ಹಾಗೆಯೇ ನಂಬಿದ್ದಾರೆ.

ಹಳೆಯ ಬಿಸ್ಕತ್ತಿನ ಆ ತಗಡಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದರೆ ಕಾಣುವುದು ಇಷ್ಟು. ಕ್ಯಾನ್ಸರ್ ಮರುಕಳಿಸದಿರಲೆಂದು ದಿನಕ್ಕೊಂದು ಲೆಟ್ರೊಜೋಲ್. ಮೂಳೆಗೆಂದು ವಿಟಮಿನ್ ಡಿ ಸೇರಿದ ಕ್ಯಾಲ್ಸಿಯಂ. ಕೀಲುನೋವಿಗೆ ಅಸೆಕ್ಲೊಫೆನಾಕ್ ಮತ್ತು ಪ್ಯಾರಸಿಟಮಾಲ್ ಬೆರೆಸಿದ ಮಾತ್ರೆ. ಅದರಿಂದ ಹೊಟ್ಟೆ ಉರಿಯದಿರಲೆಂದು ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್ ಇರುವ ಕ್ಯಾಪ್ಸೂಲ್. ಬಿ.ಪಿ.ಗೆ ಆಮ್ಲೋಡಿಪಿನ್. ಕಾಲಿನ ಊತಕ್ಕೆ ಮೂತ್ರ ಹೆಚ್ಚಿಸುವ ಟಾರ್ಸೆಮೈಡ್. ಅಂಗಾಲಿನ ಉರಿಗೆ ಪ್ರಿಗಾಬಾಲಿನ್. ನಿದ್ದೆಗೆ ಕ್ಲೊನಾಜೆಪಾಮ್. ಹದಿನೈದು ವರ್ಷಗಳಿಂದ ಜೊತೆಗಿರುವ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಕೂಡಿದ ಮಾತ್ರೆ. ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್. ಮಲಬದ್ಧತೆಗೆ ಲ್ಯಾಕ್ಟುಲೋಸ್ ಸಿರಪ್. ಕೊನೆಯದಾಗಿ, ಶಕ್ತಿ ಬರಲೆಂದು ಮಗಳು ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಅಶ್ವಗಂಧದ ಕ್ಯಾಪ್ಸೂಲ್. ಒಟ್ಟು ಹನ್ನೆರಡು ಬಗೆ. ಬೆರಕೆ ಮಾತ್ರೆಗಳನ್ನು ಬಿಡಿಸಿ ಎಣಿಸಿದರೆ ದೇಹದೊಳಕ್ಕೆ ಹೋಗುತ್ತಿರುವುದು ಹದಿನಾರು ವಸ್ತುಗಳು. ಎಷ್ಟು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಆಕೆ 'ನಾಲ್ಕೈದು' ಎನ್ನುತ್ತಾರೆ. ಅದು ಸುಳ್ಳಲ್ಲ: ಗ್ಯಾಸ್ ಮಾತ್ರೆ, ಕ್ಯಾಲ್ಸಿಯಂ, ಸಿರಪ್, ಗಿಡಮೂಲಿಕೆ ಇವು ಯಾವುವೂ ನಮ್ಮ ಲೆಕ್ಕದಲ್ಲಿ 'ಔಷಧ' ಅಲ್ಲ.

ವೈದ್ಯಕೀಯದಲ್ಲಿ ಇದಕ್ಕೆ ಪಾಲಿಫಾರ್ಮಸಿ, ಅಂದರೆ ಬಹುಔಷಧ ಸೇವನೆ ಎಂಬ ಹೆಸರಿದೆ. ಏಕಕಾಲಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಗಳನ್ನು ನಿಯಮಿತವಾಗಿ ಸೇವಿಸುವುದನ್ನು ಹೆಚ್ಚಿನ ಅಧ್ಯಯನಗಳು ಈ ಹೆಸರಿನಿಂದ ಕರೆಯುತ್ತವೆ. ಹತ್ತು ದಾಟಿದರೆ ಅತಿ ಬಹುಔಷಧ ಸೇವನೆ ಎನ್ನುವುದುಂಟು. ಐದು ಎಂಬುದು ಎಣಿಕೆಯ ಅನುಕೂಲಕ್ಕಾಗಿ ಎಳೆದ ಗೆರೆಯಷ್ಟೆ. ಹೃದಯಾಘಾತವಾದವರಿಗೆ ಐದು ಮಾತ್ರೆಗಳೂ ಅಗತ್ಯವೇ ಇರಬಹುದು. ಇನ್ನೊಬ್ಬರಿಗೆ ಮೂರರಲ್ಲಿ ಎರಡು ಹಾನಿಕರವಾಗಿರಬಹುದು. ಆದ್ದರಿಂದ ಸಂಖ್ಯೆಯನ್ನು ಕಂಡು ಗಾಬರಿಯಾಗುವುದಕ್ಕಿಂತ, ಈ ಪಟ್ಟಿ ಹೇಗೆ ಬೆಳೆಯಿತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಮೇಲಿನ ಪಟ್ಟಿಯನ್ನು ಬಂದ ಕ್ರಮದಲ್ಲಿ ಓದಿ ನೋಡೋಣ. ಲೆಟ್ರೊಜೋಲ್ ದೇಹದಲ್ಲಿ ಈಸ್ಟ್ರೊಜೆನ್ ತಯಾರಾಗುವುದನ್ನು ತಡೆಯುತ್ತದೆ. ಋತುಬಂಧವಾದ ಮಹಿಳೆಯರಲ್ಲಿ, ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಮರಳದಂತೆ ಕಾಯುವ ಮುಖ್ಯ ಔಷಧಗಳಲ್ಲಿ ಅದೂ ಒಂದು. ಈಸ್ಟ್ರೊಜೆನ್ ಇಳಿದಾಗ ಅನೇಕರಿಗೆ ಕೈಬೆರಳು, ಮಂಡಿ, ಮಣಿಕಟ್ಟುಗಳಲ್ಲಿ ನೋವು ಮತ್ತು ಬಿಗಿತ ಕಾಣಿಸಿಕೊಳ್ಳುತ್ತದೆ, ಮೂಳೆಯ ಸಾಂದ್ರತೆಯೂ ಕಡಿಮೆಯಾಗುತ್ತದೆ. ಆಕೆ ಕೀಲುನೋವನ್ನು ವಯಸ್ಸಿನದೆಂದು ತಿಳಿದು ಊರಿನ ಮೂಳೆ ವೈದ್ಯರಿಗೆ ತೋರಿಸಿದರು. ಅವರು ನೋವಿನ ಮಾತ್ರೆ ಬರೆದರು. ಅಸೆಕ್ಲೊಫೆನಾಕ್ ಗುಂಪಿನ ನೋವು ನಿವಾರಕಗಳು ಜಠರದ ಒಳಪದರಕ್ಕೆ ಪೆಟ್ಟು ಕೊಡುವುದರಿಂದ ಜೊತೆಗೆ ಗ್ಯಾಸ್ ಮಾತ್ರೆ ಬಂತು. ಇದೇ ಗುಂಪಿನ ಮಾತ್ರೆಗಳು ಮೂತ್ರಪಿಂಡದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುವುದರಿಂದ ರಕ್ತದೊತ್ತಡ ಏರುತ್ತದೆ. ಏರಿದ ಒತ್ತಡವನ್ನು ಕಂಡ ಮತ್ತೊಬ್ಬ ವೈದ್ಯರು ಆಮ್ಲೋಡಿಪಿನ್ ಆರಂಭಿಸಿದರು. ಆಮ್ಲೋಡಿಪಿನ್‌ಗೆ ಪಾದ ಊದಿಸುವ ಗುಣವಿದೆ. ಊತ ಕಂಡಾಗ ಟಾರ್ಸೆಮೈಡ್ ಸೇರಿತು. ಅದರ ಪರಿಣಾಮವಾಗಿ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಯಿತು, ನಿದ್ದೆ ಕೆಟ್ಟಿತು. ಕೆಟ್ಟ ನಿದ್ದೆಗೆ ಕ್ಲೊನಾಜೆಪಾಮ್. ಈಗ ಆಕೆ ನಿದ್ದೆಯ ಮಾತ್ರೆಯ ಅಮಲಿನಲ್ಲಿ, ಪ್ರಿಗಾಬಾಲಿನ್ ತರುವ ತಲೆಸುತ್ತಿನ ಜೊತೆಗೆ, ಕತ್ತಲಲ್ಲಿ ಬಚ್ಚಲಿಗೆ ನಡೆಯುತ್ತಾರೆ. ಮೂಳೆಗಳಾದರೋ ಲೆಟ್ರೊಜೋಲ್‌ನಿಂದಾಗಿ ಮೊದಲೇ ತೆಳುವಾಗಿವೆ. ಬಿದ್ದು ಸೊಂಟದ ಮೂಳೆ ಮುರಿದರೆ ಆಸ್ಪತ್ರೆಯ ದಾಖಲೆಯಲ್ಲಿ 'ಮನೆಯಲ್ಲಿ ಬಿದ್ದದ್ದು' ಎಂದು ಬರೆಯಲಾಗುತ್ತದೆಯೇ ಹೊರತು, ಈ ಏಳು ಮೆಟ್ಟಿಲುಗಳ ಕಥೆ ಎಲ್ಲಿಯೂ ದಾಖಲಾಗುವುದಿಲ್ಲ.

ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಅದಕ್ಕೆ ಮತ್ತೊಂದು ಔಷಧ ಬರೆಯುವ ಈ ಸರಪಳಿಯನ್ನು ವೈದ್ಯಕೀಯ ಸಾಹಿತ್ಯ 1990ರ ದಶಕದ ಮಧ್ಯಭಾಗದಲ್ಲೇ ಗುರುತಿಸಿ ಹೆಸರಿಟ್ಟಿತು. ಇದರಲ್ಲಿ ಯಾವ ವೈದ್ಯರದೂ ಉದಾಸೀನವಿಲ್ಲ ಎಂಬುದನ್ನು ಗಮನಿಸಬೇಕು. ಮೂಳೆ ವೈದ್ಯರು ನೋವಿಗೆ, ಫಿಸಿಷಿಯನ್ ರಕ್ತದೊತ್ತಡಕ್ಕೆ ತಕ್ಕ ಔಷಧವನ್ನೇ ಬರೆದಿದ್ದಾರೆ. ಪ್ರತಿ ಮಾತ್ರೆಗೂ ಒಬ್ಬ ಜವಾಬ್ದಾರಿಯುತ ವೈದ್ಯರಿದ್ದಾರೆ. ಇಡೀ ಪಟ್ಟಿಗೆ ಯಾರೂ ಇಲ್ಲ. ನನ್ನ ದೃಷ್ಟಿಯಲ್ಲಿ ಸಮಸ್ಯೆಯ ತಿರುಳು ಇದೇ.

ಕಾಲಿನ ಊತದ ವಿಷಯದಲ್ಲಿ ಮಾತ್ರ ಎರಡು ಮಾತು ಹೆಚ್ಚಾಗಿ ಹೇಳಬೇಕು. ಆಮ್ಲೋಡಿಪಿನ್‌ನಿಂದ ಬರುವ ಊತಕ್ಕೆ ದೇಹದಲ್ಲಿ ನೀರು ಹೆಚ್ಚಾದದ್ದು ಕಾರಣವಲ್ಲ. ಅದು ಸಣ್ಣ ಅಪಧಮನಿಗಳನ್ನು ಹಿಗ್ಗಿಸುವುದರಿಂದ ದ್ರವ ಜಿನುಗಿ ಕಣಕಾಲಿನ ಸುತ್ತ ನಿಲ್ಲುತ್ತದೆ. ಹಾಗಾಗಿ ಮೂತ್ರದ ಮಾತ್ರೆ ಅಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಆದರೆ ಇದನ್ನು ಓದಿ 'ನನ್ನ ಊತವೂ ಮಾತ್ರೆಯದೇ' ಎಂದು ತೀರ್ಮಾನಿಸಿಕೊಳ್ಳುವುದು ಅಪಾಯಕರ. ಸ್ತನ ಕ್ಯಾನ್ಸರ್‌ಗೆ ಕೊಡುವ ಡಾಕ್ಸೊರುಬಿಸಿನ್ ಮತ್ತು ಟ್ರಾಸ್ಟುಜುಮಾಬ್ ಔಷಧಗಳು ಕೆಲವರಲ್ಲಿ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುತ್ತವೆ. ಡಾಕ್ಸೊರುಬಿಸಿನ್‌ನ ಪರಿಣಾಮವಂತೂ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಆಗಲೂ ಕಾಲು ಊದುತ್ತದೆ, ಸುಸ್ತಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿ ಮಾತ್ರೆಯ ಮೇಲೆ ಅನುಮಾನ ಪಡುವ ಮೊದಲು ಎಕೋ ಪರೀಕ್ಷೆ ಮಾಡಿ ಹೃದಯ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕಾಗುವುದು ಇದಕ್ಕಾಗಿಯೇ.

ಅಂಗಾಲಿನ ಉರಿಯದೂ ಇಂಥದೇ ಇನ್ನೊಂದು ಕಥೆ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್‌ನಂಥ ಕಿಮೊಥೆರಪಿ ಔಷಧಗಳು ನರಗಳ ತುದಿಯನ್ನು ಘಾಸಿಗೊಳಿಸುವುದರಿಂದ ಕೈಕಾಲು ಜೋಮು ಹಿಡಿಯುತ್ತವೆ. ಹೀಗಾಗಿ ಉರಿ ಎಂದೊಡನೆ ಎಲ್ಲರೂ 'ಕಿಮೊದಿಂದ' ಎನ್ನುತ್ತಾರೆ. ಆದರೆ ಮೆಟ್‌ಫಾರ್ಮಿನ್ ಅನ್ನು ವರ್ಷಾನುಗಟ್ಟಲೆ ಸೇವಿಸಿದವರಲ್ಲಿ ವಿಟಮಿನ್ ಬಿ12 ಹೀರಿಕೆ ಕುಗ್ಗುತ್ತದೆ. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಡೆಯುವ ಮಾತ್ರೆಯನ್ನು ದೀರ್ಘಕಾಲ ಸೇವಿಸಿದರೂ ಹಾಗೆಯೇ ಆಗುತ್ತದೆ. ಸಸ್ಯಾಹಾರಿಗಳಿಗೆ ಬಿ12 ಸಿಗುವುದೇ ಕಡಿಮೆ. ಈ ಮೂರೂ ಕೂಡಿದವರಲ್ಲಿ ಬಿ12 ಕೊರತೆಯೇ ಅಂಗಾಲಿನ ಉರಿಗೂ, ಮರೆವಿಗೂ, ಸುಸ್ತಿಗೂ ಕಾರಣವಾಗಿರಬಹುದು. ಅದನ್ನು ಒಂದು ರಕ್ತಪರೀಕ್ಷೆಯಿಂದ ತಿಳಿದು ಸರಿಪಡಿಸಬಹುದು. ಪರೀಕ್ಷೆ ಮಾಡಿಸದೆ ಪ್ರಿಗಾಬಾಲಿನ್ ಕೊಟ್ಟರೆ ಉರಿ ಅರ್ಧ ಅಡಗುತ್ತದೆ, ಮಂಕು ಇಮ್ಮಡಿಯಾಗುತ್ತದೆ, ಕಾಲು ಇನ್ನಷ್ಟು ಊದುತ್ತದೆ. ಕಾಲು ಊದಿಸುವುದು ಪ್ರಿಗಾಬಾಲಿನ್‌ನ ಸಾಮಾನ್ಯ ಅಡ್ಡಪರಿಣಾಮಗಳಲ್ಲೊಂದು.

ಜೀವನ ಗುಣಮಟ್ಟವನ್ನು ಅಳೆಯುವುದು ಹೇಗೆ?

ಕ್ಯಾನ್ಸರ್ ಚಿಕಿತ್ಸೆಯ ಯಶಸ್ಸನ್ನು ಬಹುಕಾಲ ಎಷ್ಟು ವರ್ಷ ಬದುಕಿದರು ಎಂಬುದರಿಂದಲೇ ಅಳೆಯಲಾಗುತ್ತಿತ್ತು. ಹೇಗೆ ಬದುಕಿದರು ಎಂಬುದನ್ನೂ ಅಳೆಯಬೇಕೆಂಬ ಒತ್ತಾಯದಿಂದ ಹುಟ್ಟಿದ ಪ್ರಶ್ನಾವಳಿಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಒಂದು, ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಘಟನೆಯಾದ ಇಒಆರ್‌ಟಿಸಿ ರೂಪಿಸಿ 1993ರಲ್ಲಿ ಪ್ರಕಟವಾದ ಕ್ಯೂಎಲ್‌ಕ್ಯೂ-ಸಿ30. ಇದರಲ್ಲಿ 30 ಪ್ರಶ್ನೆಗಳಿವೆ. ದೂರ ನಡೆಯಲು ಕಷ್ಟವಾಗುತ್ತದೆಯೇ, ಹಗಲಿನಲ್ಲಿ ಮಲಗಿಯೋ ಕುಳಿತೋ ಇರಬೇಕಾಗುತ್ತದೆಯೇ, ನಿದ್ದೆಗೆ ತೊಂದರೆಯಿತ್ತೇ, ಹಸಿವು ಕಡಿಮೆಯಾಗಿತ್ತೇ, ವಾಕರಿಕೆ ಬಂತೇ, ಮಲಬದ್ಧತೆಯಿತ್ತೇ, ದಣಿವಾಗಿತ್ತೇ, ಪತ್ರಿಕೆ ಓದುವಂಥ ಕೆಲಸಗಳಲ್ಲಿ ಗಮನ ನಿಲ್ಲುತ್ತಿತ್ತೇ, ನೆನಪಿಗೆ ತೊಂದರೆಯಾಯಿತೇ, ಹಣದ ಮುಗ್ಗಟ್ಟು ಬಂತೇ ಎಂದು ಕೇಳುತ್ತ ಹೋಗಿ, ಕೊನೆಯ ಎರಡು ಪ್ರಶ್ನೆಗಳಲ್ಲಿ ಒಟ್ಟು ಆರೋಗ್ಯಕ್ಕೂ ಒಟ್ಟು ಜೀವನ ಗುಣಮಟ್ಟಕ್ಕೂ ಒಂದರಿಂದ ಏಳರವರೆಗೆ ಅಂಕ ಕೊಡಿ ಎನ್ನುತ್ತದೆ.

ಈ ಪ್ರಶ್ನೆಗಳ ಪಕ್ಕದಲ್ಲಿ ಮಾತ್ರೆಗಳ ಅಡ್ಡಪರಿಣಾಮಗಳ ಪಟ್ಟಿಯನ್ನು ಇಟ್ಟು ನೋಡಿದರೆ ಒಂದು ವಿಚಿತ್ರ ಹೊಂದಾಣಿಕೆ ಕಾಣುತ್ತದೆ. ದಣಿವು: ಬಿ.ಪಿ.ಗೂ ಹೃದಯಕ್ಕೂ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ತಡೆ ಮಾತ್ರೆಗಳು. ಮಲಬದ್ಧತೆ: ನೋವಿಗೆ ಕೊಡುವ ಟ್ರಮಡಾಲ್ ಮತ್ತು ಮಾರ್ಫಿನ್, ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ಕಬ್ಬಿಣಾಂಶ, ಕ್ಯಾಲ್ಸಿಯಂ. ವಾಕರಿಕೆ: ಮೆಟ್‌ಫಾರ್ಮಿನ್, ಟ್ರಮಡಾಲ್. ನೆನಪು ಮತ್ತು ಗಮನ: ಕ್ಲೊನಾಜೆಪಾಮ್, ಖಿನ್ನತೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ನೆಗಡಿಗೆಂದು ನುಂಗುವ ಹಳೆಯ ತಲೆಮಾರಿನ ಅಲರ್ಜಿ ಮಾತ್ರೆಗಳೂ ಕೂಡ. ಹಣದ ಮುಗ್ಗಟ್ಟಿನ ಪ್ರಶ್ನೆಗೂ ತಿಂಗಳ ಮೆಡಿಕಲ್ ಶಾಪ್ ಬಿಲ್ಲಿಗೂ ಇರುವ ನಂಟನ್ನು ವಿವರಿಸಬೇಕಿಲ್ಲ. ಅಂದರೆ, ಪ್ರಶ್ನಾವಳಿಯು ಕ್ಯಾನ್ಸರ್ ಬಿಟ್ಟುಹೋದ ಗುರುತುಗಳನ್ನು ಅಳೆಯುತ್ತಿದೆಯೋ ಇಲ್ಲವೇ ಇಂದು ಬೆಳಿಗ್ಗೆ ನುಂಗಿದ ಮಾತ್ರೆಗಳ ಗುರುತನ್ನು ಅಳೆಯುತ್ತಿದೆಯೋ ಎಂಬುದು ಅಂಕಗಳನ್ನು ನೋಡಿದಷ್ಟಕ್ಕೇ ತಿಳಿಯುವುದಿಲ್ಲ.

ಇಲ್ಲಿಯೇ ಒಂದು ಎಚ್ಚರ ಬೇಕು. ಹೆಚ್ಚು ಮಾತ್ರೆ ತೆಗೆದುಕೊಳ್ಳುವವರು ತಮ್ಮ ಜೀವನ ಗುಣಮಟ್ಟಕ್ಕೆ ಕಡಿಮೆ ಅಂಕ ಕೊಡುತ್ತಾರೆ ಎಂಬುದು ಹಲವು ದೇಶಗಳ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೆ ಅದರಿಂದ ಮಾತ್ರೆಯೇ ಕಾರಣ ಎಂದು ಸಾಧಿಸಿದಂತಾಗುವುದಿಲ್ಲ. ಹಾಗೆ ಹೇಳಿದರೆ, ಐಸಿಯುವಿನಲ್ಲಿ ಸಾಯುವವರ ಸಂಖ್ಯೆ ಹೆಚ್ಚು, ಆದ್ದರಿಂದ ಐಸಿಯುವೇ ಸಾವಿಗೆ ಕಾರಣ ಎಂದಂತಾದೀತು. ಹೆಚ್ಚು ಕಾಯಿಲೆಗಳಿರುವವರಿಗೇ ಹೆಚ್ಚು ಮಾತ್ರೆ ಬರೆಯಲಾಗುತ್ತದೆ. ಬದುಕನ್ನು ಕಷ್ಟವಾಗಿಸಿರುವುದು ಆ ಕಾಯಿಲೆಗಳೇ ಇರಬಹುದು. ಇದನ್ನು ಬಿಡಿಸಲು ಇರುವ ಸರಿಯಾದ ದಾರಿಯೆಂದರೆ ಮಾತ್ರೆಯೊಂದನ್ನು ಯಾದೃಚ್ಛಿಕವಾಗಿ ಆಯ್ದ ಅರ್ಧದಷ್ಟು ಜನರಲ್ಲಿ ನಿಲ್ಲಿಸಿ ನೋಡುವುದು. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಂಥ ಒಂದು ಪ್ರಯೋಗದಲ್ಲಿ, ಹೆಚ್ಚೆಂದರೆ ಒಂದು ವರ್ಷ ಬದುಕುವ ನಿರೀಕ್ಷೆಯಿದ್ದ 381 ಮಂದಿಯನ್ನು ಸೇರಿಸಿಕೊಂಡು, ಒಂದು ಗುಂಪಿಗೆ ಕೊಲೆಸ್ಟ್ರಾಲ್‌ನ ಸ್ಟಾಟಿನ್ ಮಾತ್ರೆಯನ್ನು ನಿಲ್ಲಿಸಲಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕ್ಯಾನ್ಸರ್ ರೋಗಿಗಳು. ನಿಲ್ಲಿಸಿದ್ದರಿಂದ ಹೆಚ್ಚಿನ ಅಪಾಯ ಕಾಣಲಿಲ್ಲ. ಜೀವನ ಗುಣಮಟ್ಟದ ಅಂಕ ನಿಲ್ಲಿಸಿದವರಲ್ಲೇ ತುಸು ಮೇಲಿತ್ತು. ಕಾಯಿಲೆ ಗುಣವಾಗಿ ಇನ್ನೂ ಇಪ್ಪತ್ತು ವರ್ಷ ಬದುಕಬೇಕಾದವರಿಗೆ ಈ ಫಲಿತಾಂಶ ನೇರವಾಗಿ ಅನ್ವಯಿಸುವುದಿಲ್ಲ. ಸ್ಟಾಟಿನ್ ಫಲ ಕೊಡಲು ವರ್ಷಗಳೇ ಬೇಕು. ಅಂಥವರ ಮುಂದೆ ಆ ವರ್ಷಗಳಿವೆ. ಒಂದೇ ಮಾತ್ರೆ ಒಬ್ಬರಿಗೆ ಹೊರೆ, ಇನ್ನೊಬ್ಬರಿಗೆ ರಕ್ಷಣೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಒಂದು ಮಾತ್ರೆ ಇನ್ನೊಂದರ ಕೆಲಸ ಕೆಡಿಸುವುದು

ಅಡ್ಡಪರಿಣಾಮಗಳು ಒಂದರ ಮೇಲೊಂದು ಪೇರಿಕೊಳ್ಳುವುದು ಒಂದು ತೆರನಾದರೆ, ಒಂದು ಔಷಧ ಮತ್ತೊಂದನ್ನು ಸದ್ದಿಲ್ಲದೆ ನಿಷ್ಫಲಗೊಳಿಸುವುದು ಇನ್ನೊಂದು ತೆರ. ಎರಡನೆಯದು ರೋಗಿಗೆ ಗೊತ್ತೇ ಆಗುವುದಿಲ್ಲ.

ಟ್ಯಾಮೊಕ್ಸಿಫೆನ್ ಇದಕ್ಕೆ ಒಳ್ಳೆಯ ಉದಾಹರಣೆ. ಋತುಬಂಧಕ್ಕೆ ಮುಂಚಿನ ಮಹಿಳೆಯರಿಗೆ ಐದರಿಂದ ಹತ್ತು ವರ್ಷ ಕೊಡುವ ಈ ಮಾತ್ರೆ ನುಂಗಿದ ರೂಪದಲ್ಲಿ ದುರ್ಬಲ. ಯಕೃತ್ತಿನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಎಂಡೊಕ್ಸಿಫೆನ್ ಎಂಬ ಬಲವಾದ ರೂಪಕ್ಕೆ ತಿರುಗಿಸಿದ ಮೇಲೆಯೇ ಅದರ ಮುಖ್ಯ ಕೆಲಸ ಶುರುವಾಗುತ್ತದೆ. ಟ್ಯಾಮೊಕ್ಸಿಫೆನ್ ಸೇವಿಸುವವರಿಗೆ ಮೈಯಿಂದ ಬಿಸಿ ಹಬೆ ಎದ್ದಂತಾಗುವುದು, ಬೆವರು, ಖಿನ್ನತೆ ಸಾಮಾನ್ಯ. ಇವಕ್ಕೆ ಮನೋವೈದ್ಯರೋ ಫಿಸಿಷಿಯನ್ನರೋ ಪ್ಯಾರೊಕ್ಸೆಟಿನ್ ಅಥವಾ ಫ್ಲುಯೊಕ್ಸೆಟಿನ್ ಬರೆದರೆ, ಆ ಮಾತ್ರೆಗಳು ಇದೇ ಕಿಣ್ವವನ್ನು ಬಲವಾಗಿ ತಡೆಯುತ್ತವೆ. ಹೊರಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ: ಬಿಸಿ ಕಡಿಮೆಯಾಯಿತು, ಮನಸ್ಸು ತಿಳಿಯಾಯಿತು. ಒಳಗೆ ಎಂಡೊಕ್ಸಿಫೆನ್ ಮಟ್ಟ ಕುಸಿದಿರುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ 2,430 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪ್ಯಾರೊಕ್ಸೆಟಿನ್ ಜೊತೆಗೆ ಸೇವಿಸಿದ ಅವಧಿ ಹೆಚ್ಚಿದಂತೆ ಸ್ತನ ಕ್ಯಾನ್ಸರ್‌ನಿಂದ ಸಾಯುವ ಸಂಭವವೂ ಹೆಚ್ಚಿತೆಂದು ಹೇಳಿತು. ಬೇರೆ ಕೆಲವು ಅಧ್ಯಯನಗಳಿಗೆ ಈ ಸಂಬಂಧ ಕಾಣಿಸಲಿಲ್ಲ. ಆದರೆ ವೆನ್ಲಾಫ್ಯಾಕ್ಸಿನ್‌ನಂತೆ ಈ ಕಿಣ್ವಕ್ಕೆ ಹೆಚ್ಚು ತೊಡಕು ಮಾಡದ ಬದಲಿ ಔಷಧಗಳು ಇರುವಾಗ ಅಪಾಯವನ್ನು ಮೈಮೇಲೆಳೆದುಕೊಳ್ಳುವುದು ಬೇಡ ಎಂಬುದು ತಜ್ಞರ ಸಾಮಾನ್ಯ ನಿಲುವು, ನನಗೂ ಅದೇ ಸರಿಯೆನಿಸುತ್ತದೆ.

ರಕ್ತದ ಕ್ಯಾನ್ಸರ್‌ನ ಒಂದು ಬಗೆಯಾದ ಸಿಎಂಎಲ್‌ಗೆ ಕೊಡುವ ಇಮ್ಯಾಟಿನಿಬ್ ಮತ್ತೊಂದು ಉದಾಹರಣೆ, ಅದೂ ನಮ್ಮ ದೇಶಕ್ಕೆ ತೀರ ಹತ್ತಿರದ್ದು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಮಾತ್ರೆ ಸಿಎಂಎಲ್ ಅನ್ನು ಸಕ್ಕರೆ ಕಾಯಿಲೆಯಂತೆ ವರ್ಷಗಟ್ಟಲೆ ಹತೋಟಿಯಲ್ಲಿಟ್ಟುಕೊಂಡು ಬದುಕಬಹುದಾದ ರೋಗವನ್ನಾಗಿಸಿತು. ವರ್ಷಗಟ್ಟಲೆ ಬದುಕುವವರಿಗೆ ನಡುವೆ ಕ್ಷಯ ಬರುವುದು ಭಾರತದಲ್ಲಿ ಅಪರೂಪವೇನಲ್ಲ. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್, ಇಮ್ಯಾಟಿನಿಬ್ ಅನ್ನು ಒಡೆಯುವ ಕಿಣ್ವವನ್ನು ಎಷ್ಟು ಚುರುಕುಗೊಳಿಸುತ್ತದೆಂದರೆ, ರಕ್ತಕ್ಕೆ ದೊರಕುವ ಇಮ್ಯಾಟಿನಿಬ್ ಸುಮಾರು ಮುಕ್ಕಾಲು ಪಾಲು ಇಳಿದುಬಿಡುತ್ತದೆ. ಕ್ಷಯದ ಮಾತ್ರೆ ಒಂದು ಕೇಂದ್ರದಲ್ಲಿ, ಕ್ಯಾನ್ಸರ್ ಮಾತ್ರೆ ಇನ್ನೊಂದು ಆಸ್ಪತ್ರೆಯಲ್ಲಿ ಸಿಗುವ ವ್ಯವಸ್ಥೆಯಲ್ಲಿ ಈ ಎರಡು ಹೆಸರುಗಳು ಒಂದೇ ಹಾಳೆಯ ಮೇಲೆ ಬರುವಂತೆ ನೋಡಿಕೊಳ್ಳುವವರು ಯಾರು? ಇದೇ ಕುಟುಂಬದ ಡಾಸಾಟಿನಿಬ್, ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಎರ್ಲೊಟಿನಿಬ್ ಮತ್ತು ಜೆಫಿಟಿನಿಬ್ ಕರಗಲು ಜಠರದಲ್ಲಿ ಆಮ್ಲ ಬೇಕು. ಯಾರೂ ಲೆಕ್ಕಕ್ಕೆ ಹಿಡಿಯದ ಆ ಗ್ಯಾಸ್ ಮಾತ್ರೆ ಇವುಗಳ ಹೀರಿಕೆಯನ್ನು ಗಣನೀಯವಾಗಿ ಕುಗ್ಗಿಸುತ್ತದೆ. ಇಮ್ಯಾಟಿನಿಬ್ ಸೇವಿಸುವವರಿಗೆ ಗ್ರೇಪ್‌ಫ್ರೂಟ್ ಬೇಡವೆಂದು ಹೇಳುವುದುಂಟು. ನಮ್ಮಲ್ಲಿ ಆ ಹಣ್ಣು ತಿನ್ನುವವರು ವಿರಳ, ಆದರೆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, ಇಮ್ಯಾಟಿನಿಬ್ ಅನ್ನು ಒಡೆಯುವ ಕಿಣ್ವವನ್ನು ತಡೆಯುವ ಗುಂಪಿನ ರಾಸಾಯನಿಕಗಳು ಚಕ್ಕೋತದಲ್ಲೂ ಇವೆ. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿ ಕಡೆಯವರು ಇದನ್ನು ತಮ್ಮ ವೈದ್ಯರ ಬಳಿ ಕೇಳಿ ತಿಳಿಯುವುದು ಒಳ್ಳೆಯದು.

ಕುತ್ತಿಗೆಗೆ ರೇಡಿಯೇಷನ್ ಪಡೆದವರಲ್ಲಿ ಕೆಲವು ವರ್ಷಗಳಲ್ಲಿ ಥೈರಾಯ್ಡ್ ಮಂದವಾಗುವುದು ಸಾಮಾನ್ಯ. ಅವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೂ ಅದಕ್ಕೂ ನಡುವೆ ನಾಲ್ಕು ಗಂಟೆ ಅಂತರವಿರಬೇಕು. ಎಲ್ಲವನ್ನೂ ಒಟ್ಟಿಗೆ ಕಾಫಿಯ ಜೊತೆ ನುಂಗಿ ಮುಗಿಸಿದರೆ ಥೈರಾಕ್ಸಿನ್ ಸರಿಯಾಗಿ ಹತ್ತುವುದಿಲ್ಲ, ಸುಸ್ತು ಉಳಿಯುತ್ತದೆ, ಡೋಸ್ ಏರಿಸಲಾಗುತ್ತದೆ. ಚೀಟಿಯ ಮೇಲಿನ 1-0-1 ಎಂಬ ಗುರುತು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದಷ್ಟೇ ಹೇಳುತ್ತದೆ. ಯಾವುದರ ಜೊತೆ ಯಾವುದು ಕೂಡದು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

ಬಾಯಿ ಮತ್ತು ಗಂಟಲ ಕ್ಯಾನ್ಸರ್ ಆದವರ ಪಾಡು

ತಂಬಾಕು, ಗುಟ್ಕಾ, ಅಡಿಕೆಯ ಕಾರಣದಿಂದ ನಮ್ಮಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು. ಇದರಿಂದ ಗುಣವಾದವರಿಗೆ ಮಾತ್ರೆಯ ಹೊರೆ ಅಕ್ಷರಶಃ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ರೇಡಿಯೇಷನ್‌ನಿಂದ ಲಾಲಾರಸದ ಗ್ರಂಥಿಗಳು ಬತ್ತುತ್ತವೆ. ಅನ್ನಕ್ಕೆ ಸಾರು ಹೆಚ್ಚು ಹಾಕಿ ಕಲಸಿದರೂ ತುತ್ತು ಇಳಿಯುವುದಿಲ್ಲ. ಅಂಥ ಬಾಯಿಗೆ ನರನೋವಿಗೆಂದೋ ನಿದ್ದೆಗೆಂದೋ ಅಮಿಟ್ರಿಪ್ಟಿಲಿನ್ ಕೊಟ್ಟರೆ, ಉಳಿದಿರುವ ಅಷ್ಟಿಷ್ಟು ಜೊಲ್ಲೂ ಆರುತ್ತದೆ. ಬಾಯಿ ಒಣಗಿಸುವುದು ಆ ಔಷಧದ ಅತ್ಯಂತ ಪರಿಚಿತ ಗುಣ. ಹಲ್ಲು ಹುಳುಕಾಗುತ್ತವೆ, ಹಲ್ಲು ಕೀಳಿಸಿದರೆ ರೇಡಿಯೇಷನ್ ತಿಂದ ದವಡೆಯ ಮೂಳೆ ಮಾಯುವುದು ಕಷ್ಟ.

ಕೆಲವರಿಗೆ ಮೂಗಿನಿಂದ ಅಥವಾ ಹೊಟ್ಟೆಯ ಮೇಲಿಂದ ಇಳಿಸಿದ ನಳಿಕೆಯೇ ಆಹಾರದ ದಾರಿ. ಮನೆಯವರು ಏಲಕ್ಕಿ ಕುಟ್ಟುವ ಕುಟ್ಟಾಣಿಯಲ್ಲೇ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಪುಡಿ ಮಾಡಿ, ನೀರಿನಲ್ಲಿ ಕದಡಿ, ಸಿರಿಂಜಿನಲ್ಲಿ ತಳ್ಳುತ್ತಾರೆ. ಪ್ರೀತಿಯಿಂದ ಮಾಡುವ ಈ ಕೆಲಸದಲ್ಲಿ ಮೂರು ತೊಡಕುಗಳಿವೆ. ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿರುವ ಮಾತ್ರೆಗಳನ್ನು ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿರುತ್ತಾರೆ. ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಪ್ಯಾಂಟೊಪ್ರಜೋಲ್‌ಗೆ ಇರುವ ಹೊರಕವಚ ಅದನ್ನು ಜಠರದ ಆಮ್ಲದಿಂದ ಕಾಪಾಡುತ್ತದೆ. ಕವಚ ಒಡೆದರೆ ಅದು ಕರುಳು ತಲುಪುವ ಮೊದಲೇ ಹಾಳಾಗುತ್ತದೆ. ಕ್ಯಾನ್ಸರ್ ಮಾತ್ರೆಯನ್ನು ಪುಡಿ ಮಾಡಿದಾಗ ಏಳುವ ಧೂಳು ಮನೆಯಲ್ಲಿರುವ ಇತರರಿಗೆ, ಮುಖ್ಯವಾಗಿ ಗರ್ಭಿಣಿಯರಿಗೆ ಒಳ್ಳೆಯದಲ್ಲ. ಯಾವುದನ್ನು ದ್ರವರೂಪಕ್ಕೆ ಬದಲಿಸಬಹುದು, ಯಾವುದನ್ನು ಬಿಡಬಹುದು ಎಂದು ಬಿಡುಗಡೆಯ ದಿನವೇ ಕೇಳಬೇಕು. ನಳಿಕೆ ಹಾಕಿದ ದಿನ, ಪಟ್ಟಿಯನ್ನು ಮೊದಲಿಂದ ಓದಲು ಒದಗುವ ಅತ್ಯುತ್ತಮ ಅವಕಾಶಗಳಲ್ಲೊಂದು.

ಗಿಡಮೂಲಿಕೆಗಳ ಬಗ್ಗೆಯೂ ಒಂದಿಷ್ಟು ಹೇಳದೆ ವಿಧಿಯಿಲ್ಲ. ಅಡುಗೆಯ ಅರಿಸಿನದ ಬಗ್ಗೆ ಯಾರೂ ಚಿಂತಿಸಬೇಕಿಲ್ಲ. ಆದರೆ ಅರಿಸಿನದ ಸಾರವನ್ನು ದಟ್ಟಗೊಳಿಸಿ ಮಾರುವ ಕ್ಯಾಪ್ಸೂಲುಗಳು, ಅದರಲ್ಲೂ ಮೆಣಸಿನ ಸತ್ವ ಬೆರೆತವು, ಎಂಡೊಕ್ಸಿಫೆನ್ ಮಟ್ಟವನ್ನು ಇಳಿಸುತ್ತವೆಂದು ನೆದರ್ಲೆಂಡ್ಸಿನ ಒಂದು ಸಣ್ಣ ಅಧ್ಯಯನ 2019ರಲ್ಲಿ ತೋರಿಸಿದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾಗಿದೆಯೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅಶ್ವಗಂಧದಿಂದಲೂ ಯಕೃತ್ತಿನ ಉರಿಯೂತವಾದ ವರದಿಗಳಿವೆ. ಆ ಚರ್ಚೆ ಏನೇ ಇರಲಿ, ಕ್ಯಾನ್ಸರ್ ಆದವರಿಗೆ ಇದರಲ್ಲಿ ಬೇರೆಯೇ ಒಂದು ಸಂಕಟವಿದೆ. ಲಿವರ್ ಪರೀಕ್ಷೆಯ ಅಂಕಿಗಳು ಏರಿದೊಡನೆ ಎಲ್ಲರ ಮನಸ್ಸಿಗೂ ಮೊದಲು ಬರುವುದು 'ಲಿವರ್‌ಗೆ ಹರಡಿತೇ' ಎಂಬ ಭಯ. ಸ್ಕ್ಯಾನ್ ಆಗಿ, ವರದಿ ಬಂದು, ಏನೂ ಇಲ್ಲವೆಂದು ತಿಳಿಯುವ ತನಕದ ಆ ವಾರವನ್ನು ಯಾವ ಪ್ರಶ್ನಾವಳಿಯ ಅಂಕವೂ ಪೂರ್ತಿ ಹಿಡಿಯಲಾರದು. ಡಬ್ಬಿಯಲ್ಲಿ ಕ್ಯಾಪ್ಸೂಲ್ ಇದೆಯೆಂದು ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಆ ವಾರ ತಪ್ಪಬಹುದಿತ್ತು.

ಕಡಿಮೆ ಮಾಡುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿಯನ್ನು ತಗ್ಗಿಸುವ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿದಾಗ ಆದ್ಯತೆಯಾಗಿ ಆರಿಸಿಕೊಂಡ ಮೂರು ಕ್ಷೇತ್ರಗಳಲ್ಲಿ ಬಹುಔಷಧ ಸೇವನೆ ಒಂದು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಆಸ್ಪತ್ರೆಯಿಂದ ಮನೆಗೆ ಹೋಗುವ ಸಂದರ್ಭ ಇನ್ನೊಂದು. ಹಿರಿಯರಿಗೆ ಹೊಂದದ ಔಷಧಗಳ ಪಟ್ಟಿಗಳು ಇವೆ. ಅಮೆರಿಕದಲ್ಲಿ 1991ರಲ್ಲಿ ಮೊದಲು ಬಂದು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತಿರುವ ಬಿಯರ್ಸ್ ಪಟ್ಟಿ ಕ್ಲೊನಾಜೆಪಾಮ್ ಗುಂಪಿನ ನಿದ್ದೆ ಮಾತ್ರೆಗಳನ್ನೂ ಅಮಿಟ್ರಿಪ್ಟಿಲಿನ್ ಅನ್ನೂ 65 ದಾಟಿದವರಿಗೆ ಆದಷ್ಟೂ ಬೇಡವೆನ್ನುತ್ತದೆ. ಇಂಥ ಪರಿಶೀಲನೆಯನ್ನು ಮಾಡಲು ತರಬೇತಿ ಪಡೆದವರು ಕ್ಲಿನಿಕಲ್ ಫಾರ್ಮಸಿಸ್ಟ್‌ಗಳು. ಆಸ್ಪತ್ರೆಯೊಳಗೇ ನಿಂತು ಔಷಧ ಪಟ್ಟಿಗಳನ್ನು ಓದುವ ಈ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿದ ಮೊದಲ ಕೆಲವು ಕಡೆಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜೂ ಒಂದು, 1990ರ ದಶಕದಲ್ಲಿ. ಇಂಥ ಫಾರ್ಮಸಿಸ್ಟ್‌ಗಳನ್ನು ತರಬೇತುಗೊಳಿಸುವ ಫಾರ್ಮ್-ಡಿ ಕೋರ್ಸ್ 2008ರಿಂದ ದೇಶದಲ್ಲಿ ನಡೆಯುತ್ತಿದೆ. ಹೀಗಿದ್ದೂ ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ರೋಗಿ ಕಾಣುವ ಫಾರ್ಮಸಿಸ್ಟ್ ಬಿಲ್ ಕೌಂಟರಿನ ಆಚೆಗಿರುವವರು ಮಾತ್ರ.

ಪಟ್ಟಿ ಕಡಿಮೆ ಮಾಡುವುದನ್ನು ರೋಗಿ ತಾನೇ ಮಾಡಿಕೊಳ್ಳಲು ಹೊರಟರೆ ಆಗುವ ಅನಾಹುತ ದೊಡ್ಡದು. ಮಾತ್ರೆ ಹೆಚ್ಚಾಗಿ ಬೇಸತ್ತವರು ಸಾಮಾನ್ಯವಾಗಿ ಬಿಡುವುದು ತೊಂದರೆ ಕೊಡುವ ಮಾತ್ರೆಯನ್ನು, ಉಳಿಸಿಕೊಳ್ಳುವುದು ಹಿತವೆನಿಸುವುದನ್ನು. ಸ್ತನ ಕ್ಯಾನ್ಸರ್ ಆದವರ ಪಟ್ಟಿಯಲ್ಲಿ ತೊಂದರೆ ಕೊಡುವುದು ಲೆಟ್ರೊಜೋಲ್, ಹಿತವೆನಿಸುವುದು ಶಕ್ತಿ ಮಾತ್ರೆ. ಬಿಡಬಾರದ್ದನ್ನು ಬಿಟ್ಟು, ಬಿಡಬಹುದಾದದ್ದನ್ನು ಉಳಿಸಿಕೊಂಡಂತಾಗುತ್ತದೆ. ಇದಲ್ಲದೆ ಕೆಲವನ್ನು ಥಟ್ಟನೆ ನಿಲ್ಲಿಸುವಂತೆಯೇ ಇಲ್ಲ. ಸ್ಟೀರಾಯ್ಡ್, ಬೀಟಾ ತಡೆ ಮಾತ್ರೆ, ಕ್ಲೊನಾಜೆಪಾಮ್, ಪ್ರಿಗಾಬಾಲಿನ್, ಖಿನ್ನತೆಯ ಮಾತ್ರೆಗಳನ್ನು ವಾರಗಳ ಕಾಲ ಹಂತಹಂತವಾಗಿ ಇಳಿಸಬೇಕು. ಪ್ಯಾಂಟೊಪ್ರಜೋಲ್ ಅನ್ನು ಒಮ್ಮೆಲೇ ಬಿಟ್ಟರೂ ಕೆಲವು ದಿನ ಮೊದಲಿಗಿಂತ ಹೆಚ್ಚು ಎದೆಯುರಿ ಬರುತ್ತದೆ. ಅದನ್ನು ಕಂಡು 'ನನಗಿದು ಬೇಕೇ ಬೇಕು' ಎಂದುಕೊಳ್ಳುವವರೇ ಹೆಚ್ಚು.

ವೈದ್ಯರ ಜೊತೆ ಕುಳಿತು ಮಾಡುವ ಕ್ರಮ ಬೇರೆ. ಮನೆಯಲ್ಲಿರುವುದನ್ನೆಲ್ಲ, ಮುಲಾಮು, ಸಿರಪ್, ಕಷಾಯದ ಪುಡಿ, ಚುಚ್ಚುಮದ್ದು ಸಮೇತ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡುವುದು ಮೊದಲ ಹೆಜ್ಜೆ. ಚೀಟಿ ಒಯ್ದರೆ ಸಾಲದು. ಚೀಟಿಯಲ್ಲಿ ಇಲ್ಲದ್ದು ಚೀಲದಲ್ಲಿರುತ್ತದೆ. ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಸೇರಿಕೊಂಡಿರುವುದು, ಜನೌಷಧಿ ಕೇಂದ್ರದಿಂದ ತಂದದ್ದೂ ಹಳೆಯ ಸ್ಟ್ರಿಪ್ಪೂ ಎರಡೂ ನಡೆಯುತ್ತಿರುವುದು, ಜ್ವರದ ಮಾತ್ರೆಯಲ್ಲೂ ನೋವಿನ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರುವುದು ಆಗಲೇ ಬಯಲಾಗುವುದು. ಬೆರಕೆ ಮಾತ್ರೆಗಳ ಹಾವಳಿ ನಮ್ಮಲ್ಲಿ ಎಷ್ಟಿದೆಯೆಂದರೆ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಅಂಥ 156 ಬೆರಕೆಗಳನ್ನು ಒಟ್ಟಿಗೆ ನಿಷೇಧಿಸಬೇಕಾಯಿತು.

ಮೇಲಿನ ಗೃಹಿಣಿಯ ಡಬ್ಬಿಯನ್ನು ಹೀಗೆ ಪರಿಶೀಲಿಸಿದರೆ ವೈದ್ಯರು ಸರಪಳಿಯ ಬುಡದಿಂದ ಹೊರಡುತ್ತಾರೆ. ಲೆಟ್ರೊಜೋಲ್ ಉಳಿಯುತ್ತದೆ, ಕೀಲುನೋವು ಸಹಿಸಲಾಗದಷ್ಟಿದ್ದರೆ ಅದೇ ಗುಂಪಿನ ಇನ್ನೊಂದು ಮಾತ್ರೆಗೆ ಬದಲಿಸುವ ಬಗ್ಗೆ ಕ್ಯಾನ್ಸರ್ ತಜ್ಞರೇ ಯೋಚಿಸುತ್ತಾರೆ. ನಿಯಮಿತ ನಡಿಗೆ ಮತ್ತು ವ್ಯಾಯಾಮ ಈ ಕೀಲುನೋವನ್ನು ತಗ್ಗಿಸುತ್ತವೆಂಬುದಕ್ಕೆ ಆಧಾರವಿರುವುದರಿಂದ ದಿನನಿತ್ಯದ ನೋವಿನ ಮಾತ್ರೆಯನ್ನು ಬಿಡಿಸಲು ಯತ್ನಿಸುತ್ತಾರೆ. ಅದು ನಿಂತರೆ ಗ್ಯಾಸ್ ಮಾತ್ರೆಗೆ ಕಾರಣವಿಲ್ಲ. ರಕ್ತದೊತ್ತಡ ಇಳಿದರೆ ಆಮ್ಲೋಡಿಪಿನ್ ಕಡಿಮೆ ಮಾಡಬಹುದು ಅಥವಾ ಬದಲಿಸಬಹುದು. ಊತ ಹೋದರೆ ಟಾರ್ಸೆಮೈಡ್ ಬೇಡ. ರಾತ್ರಿ ಏಳುವುದು ತಪ್ಪಿದರೆ ಕ್ಲೊನಾಜೆಪಾಮ್ ಅನ್ನು ನಿಧಾನವಾಗಿ ಇಳಿಸಬಹುದು. ಒಂದು ಸಲಕ್ಕೆ ಒಂದೇ ಮಾತ್ರೆ, ನಡುವೆ ಕೆಲವು ವಾರಗಳ ಬಿಡುವು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹನ್ನೆರಡಿದ್ದದ್ದು ಏಳಕ್ಕೆ ಇಳಿಯಲು ಆರು ತಿಂಗಳೇ ಹಿಡಿಯಬಹುದು.

ಈ ಕೆಲಸಕ್ಕೆ ಶಾಲಾ ಮಕ್ಕಳ ನೂರು ಪುಟದ ನೋಟ್‌ಬುಕ್ಕೇ ಸಾಕು. ಪ್ರತಿ ಮಾತ್ರೆಗೆ ಒಂದು ಸಾಲು: ಕಂಪನಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಔಷಧದ ನಿಜ ಹೆಸರು, ಯಾವ ತೊಂದರೆಗೆ, ಯಾರು ಬರೆದದ್ದು, ಯಾವ ತಿಂಗಳಿಂದ, ಯಾವಾಗ ಮರುಪರಿಶೀಲನೆ. ಡಿಸ್ಚಾರ್ಜ್ ಸಾರಾಂಶ ಇಂಗ್ಲಿಷಿನಲ್ಲಿರುತ್ತದೆ. ಈ ಪುಸ್ತಕ ಕನ್ನಡದಲ್ಲಿರಲಿ, ಮನೆಯಲ್ಲಿ ಯಾರು ಬೇಕಾದರೂ ಓದುವಂತಿರಲಿ. ಕೊನೆಯ ಪುಟಗಳನ್ನು ನಿಲ್ಲಿಸಿದ ಮಾತ್ರೆಗಳಿಗೆ ಮೀಸಲಿಡಬೇಕು: ಯಾವುದು, ಯಾವಾಗ, ಏಕೆ ನಿಂತಿತು ಎಂದು. 'ಆಮ್ಲೋಡಿಪಿನ್, ಕಾಲು ಊದಿತು, ನಿಲ್ಲಿಸಲಾಗಿದೆ' ಎಂಬ ಒಂದು ಸಾಲು ಅಲ್ಲಿಲ್ಲದಿದ್ದರೆ, ಎರಡು ವರ್ಷಗಳ ನಂತರ ಬೇರೊಂದು ಊರಿನಲ್ಲಿ, ಬೇರೊಬ್ಬ ವೈದ್ಯರು, ಏರಿದ ರಕ್ತದೊತ್ತಡವನ್ನು ಕಂಡು ಅದೇ ಮಾತ್ರೆಯನ್ನು ಮತ್ತೆ ಬರೆಯುತ್ತಾರೆ.